ಶಿರುಯಿ ಬೆಟ್ಟದ ಲಿಲ್ಲಿ ಮತ್ತು ಅದರ ವಾರಸುದಾರರು

ಮಣಿಪುರದ ರಾಜಧಾನಿ ಇಂಫಾಲದಿಂದ ಈಶಾನ್ಯಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿ ಉಖ್ರುಲ್ ಎಂಬ ಗುಡ್ಡಗಾಡಿನ ಪಟ್ಟಣವಿದ್ದು, ಅದಕ್ಕೆ ಹತ್ತಿರದಲ್ಲೇ ಶಿರುಯಿ ಎಂಬ ಹಳ್ಳಿಯೂ ಆ ಹಳ್ಳಿಯ ನೆತ್ತಿಯ ಮೇಲೆ ಶಿರುಯಿ ಕಾಶೊಂಗ್ ಎಂಬ ಶಿಖರವೂ ಇವೆ. ಸಮುದ್ರಮಟ್ಟದಿಂದ 2,800 ಮೀಟರಿಗೂ ತುಸು ಮೇಲೆ, ಅಂದರೆ ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಗಿಂತ ಸುಮಾರು 900 ಮೀಟರ್ ಹೆಚ್ಚು ಎತ್ತರಕ್ಕೆ ನಿಂತಿರುವ ಈ ಬೆಟ್ಟದ ಮೇಲ್ಭಾಗದ ಹುಲ್ಲಿನ ಇಳಿಜಾರುಗಳಲ್ಲಿ, ಮೇ ತಿಂಗಳ ನಡುವಿನಿಂದ ಜೂನ್‌ವರೆಗೆ, ಗಂಟೆಯಾಕಾರದ ನಸುಗುಲಾಬಿ ಹೂವೊಂದು ತಲೆ ಬಾಗಿಸಿ ಅರಳುತ್ತದೆ. ಸಸ್ಯಶಾಸ್ತ್ರದಲ್ಲಿ ಲಿಲಿಯಮ್ ಮ್ಯಾಕ್ಲಿನಿಯೆ ಎಂದೂ ಲೋಕರೂಢಿಯಲ್ಲಿ ಶಿರುಯಿ ಲಿಲ್ಲಿ ಎಂದೂ ಕರೆಯಲಾಗುವ ಇದು ಮಣಿಪುರದ ರಾಜ್ಯಪುಷ್ಪ. ಹಿಮಾಲಯದ ಅಂಚಿನ ಸಾವಿರಾರು ಕಾಡುಹೂಗಳ ನಡುವೆ ಈ ಒಂದಕ್ಕೆ ದೊರೆತಿರುವ ಗೌರವಕ್ಕೆ ಅದರ ಚೆಲುವು ಒಂದು ಕಾರಣ, ಅದರ ವಿರಳತೆ ಇನ್ನೊಂದು; ಆದರೆ ಈ ಎರಡಕ್ಕಿಂತ ದೊಡ್ಡ ಕಾರಣವೆಂದರೆ ಆ ಬೆಟ್ಟದ ಬುಡದಲ್ಲಿ ತಲೆಮಾರುಗಳಿಂದ ಬಾಳಿಕೊಂಡು ಬಂದಿರುವ ತಾಂಗ್‌ಖುಲ್ ನಾಗಾ ಜನ ಆ ಹೂವನ್ನು ತಮ್ಮದೆಂದು ತಿಳಿದಿರುವುದು.

ಲಿಲಿಯಮ್ ಕುಲದ ಸಸ್ಯಗಳೆಲ್ಲ ಗಡ್ಡೆಯಿಂದ ಬೆಳೆಯುವಂಥವು. ಇಲ್ಲಿ ಗಡ್ಡೆ ಎಂದರೆ ಗೆಣಸು, ಸುವರ್ಣಗಡ್ಡೆಗಳಂತೆ ಊದಿಕೊಂಡ ಬೇರಾಗಲಿ ಕಾಂಡವಾಗಲಿ ಅಲ್ಲ. ಆಹಾರವನ್ನು ತುಂಬಿಕೊಂಡು ದಪ್ಪಗಾದ ಎಲೆಗಳೇ ಒಂದು ಚಿಕ್ಕ ಕಾಂಡದ ಸುತ್ತ ಒತ್ತಾಗಿ ಜೋಡಿಸಿಕೊಂಡ ರಚನೆ. ಈರುಳ್ಳಿಯೂ ಇದೇ ಬಗೆಯದಾದರೂ, ಅದಕ್ಕೆ ಹೊರಗೆ ಒಣ ಸಿಪ್ಪೆಯ ಹೊದಿಕೆ ಇರುತ್ತದೆ; ಲಿಲ್ಲಿಯ ಗಡ್ಡೆಗೆ ಅಂಥ ಹೊದಿಕೆ ಇಲ್ಲದೆ, ಬಿಡಿಬಿಡಿಯಾದ ತಿರುಳುಳ್ಳ ಶಲ್ಕಗಳು, ಅಂದರೆ ಹುರುಪೆಗಳು, ಒಂದರ ಮೇಲೊಂದು ಮಲಗಿರುತ್ತವೆ. ಹೊದಿಕೆ ಇಲ್ಲದ ಈ ಗಡ್ಡೆ ಬೇಗ ಒಣಗುತ್ತದೆ, ನೀರು ನಿಂತರೆ ಬೇಗ ಕೊಳೆಯುತ್ತದೆ; ಆದ್ದರಿಂದ ಸದಾ ತೇವವಿದ್ದೂ ಎಂದೂ ನೀರು ನಿಲ್ಲದ, ಎಲೆಗೊಬ್ಬರ ಬೆರೆತ ಇಳಿಜಾರಿನ ಮಣ್ಣೇ ಅದಕ್ಕೆ ಒಗ್ಗುವ ನೆಲ. ಚಳಿಗಾಲದಲ್ಲಿ ನೆಲದ ಮೇಲಿನ ಭಾಗವೆಲ್ಲ ಒಣಗಿಹೋಗಿ ಗಡ್ಡೆ ಮಾತ್ರ ಮಣ್ಣಿನಲ್ಲಿ ಸುಪ್ತವಾಗಿದ್ದು, ಬೇಸಗೆಯ ಮೊದಲಲ್ಲಿ ಮೊಳಕೆ ಹೊರಬಂದು, ಒಂದರಿಂದ ಮೂರು ಅಡಿ ಎತ್ತರದ ದಂಟಿನ ತುದಿಯಲ್ಲಿ ಒಂದೋ ಎರಡೋ, ಹುಲುಸಾಗಿ ಬೆಳೆದ ಗಿಡದಲ್ಲಾದರೆ ಆರೇಳೋ ಹೂಗಳು ಬರುತ್ತವೆ. ಹೂದಳಗಳು ಆರು, ಅವುಗಳ ಒಳಮೈ ಬಹುತೇಕ ಬಿಳುಪಾಗಿದ್ದು, ಹೊರಮೈಯಲ್ಲಿ ನೇರಳೆ ಬೆರೆತ ಗುಲಾಬಿ ಛಾಯೆ ಹರಡಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ಕಂಡರೆ ಈ ಹೂವಿನಲ್ಲಿ ಏಳು ಬಣ್ಣಗಳು ತೋರುತ್ತವೆ ಎಂಬ ಮಾತು ಮಣಿಪುರದಲ್ಲಿ ಮನೆಮಾತಾಗಿದ್ದು, ಅಲ್ಲಿನ ಮಕ್ಕಳು ಅದನ್ನು ಕೇಳುತ್ತಲೇ ಬೆಳೆಯುತ್ತಾರೆ. ಹೂ ಬಾಡಿದ ಮೇಲೆ ಕಾಯಿ ಮೇಲ್ಮುಖವಾಗಿ ನಿಂತು, ಮಳೆಗಾಲ ಕಳೆದ ಬಳಿಕ ಬಿರಿದು, ಚಪ್ಪಟೆಯಾದ ತೆಳು ಬೀಜಗಳನ್ನು ಗಾಳಿಗೆ ಒಪ್ಪಿಸುತ್ತದೆ.

ನಿಜವಾದ ಲಿಲ್ಲಿಗಳು ಮೂಲತಃ ಉತ್ತರ ಗೋಲಾರ್ಧದ ಸಮಶೀತೋಷ್ಣ ವಲಯದವು. ಕನ್ನಡಿಗರು ಲಿಲ್ಲಿ ಎನ್ನುವ ಮಳೆ ಲಿಲ್ಲಿಯಾಗಲಿ, ಇಂಗ್ಲಿಷ್ ಬಲ್ಲವರು ಆ ಹೆಸರಿನಿಂದ ಕರೆಯುವ ಗೌರಿ ಹೂವಾಗಲಿ ಈ ಕುಲಕ್ಕೆ ಸೇರಿದವಲ್ಲ. ಆದರೆ ದಕ್ಷಿಣ ಭಾರತಕ್ಕೂ ಈ ಕುಲದ ಒಂದು ಎಳೆ ತಲುಪಿದೆ: ನೀಲಗಿರಿ, ಪಳನಿ ಮತ್ತು ಆನೆಮಲೆಯ ಎತ್ತರದ ಹುಲ್ಲುಗಾವಲುಗಳಲ್ಲಿ ಉದ್ದನೆಯ ಕಹಳೆಯಂಥ ಬಿಳಿ ಹೂ ಬಿಡುವ ನೀಲಗಿರಿ ಲಿಲ್ಲಿಯನ್ನು 19ನೆಯ ಶತಮಾನದಲ್ಲಿ ರಾಬರ್ಟ್ ವೈಟ್ ಎಂಬ ಸಸ್ಯವಿಜ್ಞಾನಿ ವರ್ಣಿಸಿದ್ದು, ಲಿಲಿಯಮ್ ಕುಲಕ್ಕೆ ಭೂಮಿಯ ಮೇಲೆ ಅದಕ್ಕಿಂತ ದಕ್ಷಿಣದ ಸಹಜ ನೆಲೆ ಇಲ್ಲ. ಎರಡೂ ಲಿಲ್ಲಿಗಳು ಬೆಟ್ಟದ ನೆತ್ತಿಯ ತಂಪಿಗೆ ಅಂಟಿಕೊಂಡವು. ಅಲ್ಲಿಂದ ಮೇಲಕ್ಕೆ ಹೋಗಲು ಬೆಟ್ಟವಿಲ್ಲ, ಕೆಳಕ್ಕಿಳಿದರೆ ಸೆಕೆ. ಈ ಒಂದು ಸಂಗತಿ ಮುಂದೆ ಹೇಳಬೇಕಾದ ಎಲ್ಲದಕ್ಕೂ ಆಧಾರ.

ತಾಂಗ್‌ಖುಲ್ಲರು ಟಿಬೆಟೋ-ಬರ್ಮನ್ ಭಾಷಾವರ್ಗದ ನುಡಿಗಳನ್ನಾಡುವ ನಾಗಾ ಸಮುದಾಯಗಳಲ್ಲಿ ಒಂದು. ಒಂದು ಹಳ್ಳಿಯ ಮಾತು ಪಕ್ಕದ ಹಳ್ಳಿಯ ಮಾತಿಗಿಂತ ಬೇರೆಯಾಗುವಷ್ಟು ಅವರ ಊರುಗಳು ತಮ್ಮತನವನ್ನು ಉಳಿಸಿಕೊಂಡಿವೆ. ಪ್ರತಿ ಊರಿಗೂ ಮುಖ್ಯಸ್ಥನಿದ್ದು, ಕುಲಗಳ ಹಿರಿಯರು ಕೂಡಿದ ಸಭೆ ಹೊಲ, ಕಾಡು, ನೀರುಗಳ ವ್ಯವಹಾರವನ್ನು ನೋಡಿಕೊಳ್ಳುತ್ತದೆ. ಫೆಬ್ರುವರಿ-ಮಾರ್ಚ್ ಹೊತ್ತಿಗೆ ಬರುವ ಲುಯಿರಾ ಎಂಬ ಬಿತ್ತನೆಯ ಹಬ್ಬ ಅವರ ವರ್ಷದ ಆರಂಭವನ್ನು ಸಾರುತ್ತದೆ. ಇಳಿಜಾರನ್ನು ಮೆಟ್ಟಿಲಾಗಿ ಕಡಿದು ಮಾಡಿದ ಗದ್ದೆಗಳಿಗೆ ನೀರು ಬರುವುದು ಬೆಟ್ಟದ ಮೇಲಿನ ಕಾಡಿನಿಂದ. ಬೆಟ್ಟವನ್ನು ಒಂದು ಜೀವಂತ ಶಕ್ತಿಯೆಂದು, ಅದಕ್ಕೊಬ್ಬ ಅಧಿದೇವತೆ ಇದ್ದಾಳೆಂದು ನಂಬುವ ಜನಕ್ಕೆ ಅಂಥ ನಂಬಿಕೆ ಹುಟ್ಟಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ. ಶಿರುಯಿ ಬೆಟ್ಟದ ಆ ಒಡತಿಯ ಹೆಸರು ಫಿಲಾವಾ. ಬೆಟ್ಟವನ್ನು ಕಾಯುವ ರಾಜಕುಮಾರಿ ಎಂದು ಕಥೆಗಳು ಬಣ್ಣಿಸುವ ಈ ಫಿಲಾವಾಳಿಗೆ ತಿಮ್ರಾವೊನ್ ಎಂಬ ಮಗಳಿದ್ದು, ಲಿಲ್ಲಿ ಆಕೆಯ ಹೆಸರನ್ನೇ ಹೊತ್ತಿದೆ: ಸ್ಥಳೀಯರ ನುಡಿಯಲ್ಲಿ ಹೂವಿನ ಹೆಸರು ಕಾಶೊಂಗ್ ತಿಮ್ರಾವೊನ್, ಅಂದರೆ ಶಿಖರದ ತಿಮ್ರಾವೊನ್. ಹೂವನ್ನು ಕೀಳುವುದು ಹಾಗಿದ್ದರೆ ಯಾರದೋ ಮನೆಯ ಮಗಳ ಮೇಲೆ ಕೈಮಾಡಿದಂತೆಯೇ ಸರಿ. ಕಾನೂನು, ದಂಡ, ಅರಣ್ಯರಕ್ಷಕ ಯಾವುದೂ ಇಲ್ಲದ ಕಾಲದಲ್ಲಿ ಒಂದು ಚಿಕ್ಕ ಇಳಿಜಾರಿನ ಗಡ್ಡೆಗಳನ್ನು ಕಾಪಾಡಿಕೊಂಡು ಬರಲು ಈ ಭಾವಕ್ಕಿಂತ ಬಲವಾದ ಕಾವಲು ಇರಲಿಕ್ಕಿಲ್ಲ.

1896ರಲ್ಲಿ ವಿಲಿಯಂ ಪೆಟಿಗ್ರೂ ಎಂಬ ಮಿಷನರಿ ಉಖ್ರುಲ್‌ಗೆ ಬಂದು ನೆಲೆನಿಂತ ನಂತರ ತಾಂಗ್‌ಖುಲ್ಲರಲ್ಲಿ ಕ್ರೈಸ್ತಧರ್ಮ ಹರಡಿ, ಇಂದು ಆ ಸಮುದಾಯದ ಬಹುಪಾಲು ಜನ ಕ್ರೈಸ್ತರಾಗಿದ್ದಾರೆ. ಹಳೆಯ ಆರಾಧನೆಗಳು ಹಿಂದೆ ಸರಿದರೂ ಫಿಲಾವಾಳ ಕಥೆ ಮಾತ್ರ ಅಳಿಯಲಿಲ್ಲ. ನಂಬಿಕೆಯ ಆಚರಣೆ ನಿಂತ ಮೇಲೂ ಅದರ ಕಥೆ ಒಂದು ನೆಲದ ನೆನಪಾಗಿ ಉಳಿಯಬಲ್ಲದು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ; ದೇವತೆಯಾಗಿ ಅಲ್ಲದಿದ್ದರೂ ಬೆಟ್ಟದ ಗುರುತಾಗಿ ತಾಯಿ ಮಗಳಿಬ್ಬರೂ ಅಲ್ಲಿ ಉಳಿದಿದ್ದಾರೆ.

ಹೊರಜಗತ್ತಿಗೆ ಈ ಹೂ ಪರಿಚಯವಾದದ್ದು ಎರಡನೆಯ ಮಹಾಯುದ್ಧದ ಬೆನ್ನಿಗೆ, ಯುದ್ಧದ್ದೇ ಒಂದು ಕೆಲಸದ ನಿಮಿತ್ತ. 1944ರ ಮಾರ್ಚ್‌ನಲ್ಲಿ ಜಪಾನಿ ಸೇನೆ ಬರ್ಮಾದಿಂದ ಗಡಿ ದಾಟಿ ಕೊಹಿಮಾದತ್ತ ನುಗ್ಗುವಾಗ ಉಖ್ರುಲ್ ಅದರ ದಾರಿಯಲ್ಲೇ ಇತ್ತು; ಸಮೀಪದ ಸಾಂಗ್‌ಶಾಕ್ ಎಂಬ ಊರಿನಲ್ಲಿ ಭಾರತೀಯ ಪ್ಯಾರಾಚೂಟ್ ಬ್ರಿಗೇಡ್ ಒಂದು ಆ ನುಗ್ಗಾಟವನ್ನು ಕೆಲವು ದಿನ ತಡೆದು ನಿಲ್ಲಿಸಿ ಅಪಾರ ಸಾವುನೋವು ಅನುಭವಿಸಿತು. ಅದೇ ವರ್ಷಗಳಲ್ಲಿ ಅಸ್ಸಾಮಿನಿಂದ ಚೀನಾಕ್ಕೆ ಸಾಮಗ್ರಿ ಹೊತ್ತು ಬೆಟ್ಟಸಾಲುಗಳ ಮೇಲೆ ಹಾರುತ್ತಿದ್ದ ಅಮೆರಿಕದ ಎಷ್ಟೋ ವಿಮಾನಗಳು ಈ ಕಾಡುಗಳಲ್ಲಿ ಬಿದ್ದು ಮರೆಯಾಗಿದ್ದವು. ಯುದ್ಧ ಮುಗಿದ ಮೇಲೆ ಅವುಗಳ ಅವಶೇಷಗಳನ್ನು ಹುಡುಕಿಕೊಡಲು ಅಮೆರಿಕ ಸರ್ಕಾರ ನೇಮಿಸಿಕೊಂಡವರಲ್ಲಿ ಒಬ್ಬ ಫ್ರಾಂಕ್ ಕಿಂಗ್‌ಡನ್-ವಾರ್ಡ್. 1885ರಲ್ಲಿ ಹುಟ್ಟಿದ ಈ ಇಂಗ್ಲಿಷ್ ಸಸ್ಯಾನ್ವೇಷಕ ಟಿಬೆಟ್, ಯುನ್ನಾನ್, ಬರ್ಮಾ, ಅಸ್ಸಾಮುಗಳ ಬೆಟ್ಟಗಳಲ್ಲಿ ಸುಮಾರು ಅರ್ಧ ಶತಮಾನ ಅಲೆದು, ಹಿಮಾಲಯದ ನೀಲಿ ಗಸಗಸೆಯ ಬೀಜವನ್ನು ಯುರೋಪಿನ ತೋಟಗಳಿಗೆ ತಲುಪಿಸಿ ಹೆಸರಾದವನು. ಕಾಫಿ ಬೆಳೆಗಾರರಿಗೆ ಇನ್ನೊಂದು ಸಂಗತಿ ಆಸಕ್ತಿಯದಾಗಬಹುದು: ಕೊಡಗು, ಚಿಕ್ಕಮಗಳೂರುಗಳ ತೋಟಗಳನ್ನು ಇಂದಿಗೂ ಕಾಡುವ ಎಲೆ ತುಕ್ಕು ರೋಗದ ಶಿಲೀಂಧ್ರವನ್ನು 1880ರ ದಶಕದ ಆರಂಭದಲ್ಲಿ ಸಿಲೋನಿನಲ್ಲಿ ಕೂತು ಆಳವಾಗಿ ಅಧ್ಯಯನ ಮಾಡಿದ ಹ್ಯಾರಿ ಮಾರ್ಷಲ್ ವಾರ್ಡ್ ಈತನ ತಂದೆ.

ವಿಮಾನಗಳ ಹುಡುಕಾಟ ಕಿಂಗ್‌ಡನ್-ವಾರ್ಡ್‌ನನ್ನು 1946ರಲ್ಲಿ ಮಣಿಪುರಕ್ಕೆ ತಂದಿತು. ಶಿರುಯಿ ಬೆಟ್ಟದ ಮೇಲೆ ಕಂಡ ಗಿಡವನ್ನು ಆತ ಮೊದಲು ಲಿಲ್ಲಿಗೆ ಹತ್ತಿರದ ನೊಮೊಕಾರಿಸ್ ಎಂಬ ಕುಲದ್ದೆಂದು ಭಾವಿಸಿದ್ದ. ಬ್ರಿಟನ್ನಿಗೆ ಕಳುಹಿಸಿದ ಬೀಜಗಳು ಅಲ್ಲಿ ಚೆನ್ನಾಗಿ ಮೊಳೆತು ಎರಡೇ ವರ್ಷಗಳಲ್ಲಿ ಹೂಬಿಟ್ಟಾಗ, ಇದು ಸಸ್ಯಶಾಸ್ತ್ರ ಅದುವರೆಗೆ ದಾಖಲಿಸದ ಲಿಲ್ಲಿ ಎಂಬುದು ಖಚಿತವಾಯಿತು; 1948ರಲ್ಲಿ ಲಂಡನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಅದಕ್ಕೆ ಪುರಸ್ಕಾರ ನೀಡಿತು, ಮರುವರ್ಷ ರಾಬರ್ಟ್ ಸೀಲಿ ಎಂಬ ಸಸ್ಯವಿಜ್ಞಾನಿ ಅದರ ವೈಜ್ಞಾನಿಕ ವರ್ಣನೆಯನ್ನು ಪ್ರಕಟಿಸಿದ. ಮ್ಯಾಕ್ಲಿನಿಯೆ ಎಂಬ ಜಾತಿಸೂಚಕ ಹೆಸರು ಕಿಂಗ್‌ಡನ್-ವಾರ್ಡ್ 1947ರಲ್ಲಿ ಮದುವೆಯಾದ ಜೀನ್ ಮ್ಯಾಕ್ಲಿನ್‌ಳ ಗೌರವಾರ್ಥ ಬಂದದ್ದು. ಆಕೆಯ ತಂದೆ ಸರ್ ಆಲ್ಬರ್ಟ್ ಮ್ಯಾಕ್ಲಿನ್ ಬಾಂಬೆ ಹೈಕೋರ್ಟಿನ ನ್ಯಾಯಾಧೀಶರಾಗಿದ್ದರು. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರಗಳ ಕನ್ನಡಿಗರ ಮೇಲ್ಮನವಿಗಳೂ ಆ ಕಾಲದಲ್ಲಿ ಅದೇ ನ್ಯಾಯಾಲಯಕ್ಕೆ ಹೋಗುತ್ತಿದ್ದವು. 1948ರಲ್ಲಿ ದಂಪತಿ ನ್ಯೂಯಾರ್ಕ್ ಬೊಟಾನಿಕಲ್ ಗಾರ್ಡನ್ನಿನ ಪರವಾಗಿ ಸಸ್ಯಸಂಗ್ರಹಕ್ಕೆಂದು ಮತ್ತೆ ಉಖ್ರುಲ್‌ಗೆ ಬಂದು ಹಲವು ತಿಂಗಳು ತಂಗಿದರು. ಆ ವಾಸದ ಫಲವಾಗಿ 1952ರಲ್ಲಿ ಹೊರಬಂದ ಕಿಂಗ್‌ಡನ್-ವಾರ್ಡ್‌ನ ‘ಪ್ಲಾಂಟ್ ಹಂಟರ್ ಇನ್ ಮಣಿಪುರ್’ ಈ ಬೆಟ್ಟಗಳ ಸಸ್ಯಸಂಪತ್ತಿಗೆ ಇಂದಿಗೂ ಮುಖ್ಯ ಆಧಾರಗ್ರಂಥಗಳಲ್ಲಿ ಒಂದು.

ಶಿರುಯಿ ಲಿಲ್ಲಿಯನ್ನು ಕಿಂಗ್‌ಡನ್-ವಾರ್ಡ್ ಕಂಡುಹಿಡಿದನೆಂದು ಪ್ರವಾಸಿ ಕೈಪಿಡಿಗಳು ಬರೆಯುವುದು ಸರಿಯಲ್ಲ. ಆತ ಮಾಡಿದ್ದು ಊರಿನವರು ಬಲ್ಲ ಹೂವೊಂದನ್ನು ವಿಜ್ಞಾನದ ದಾಖಲೆಗೆ ಸೇರಿಸಿದ್ದು, ಅದನ್ನು ಜಗತ್ತಿನ ತೋಟಗಳಿಗೆ ಒಯ್ದದ್ದು. ಅದೇನೂ ಸಣ್ಣ ಕೆಲಸವಲ್ಲ, ಆದರೆ ಅದಕ್ಕೂ ಮುಂಚೆ ತಿಮ್ರಾವೊನ್ ಎಂಬ ಹೆಸರಿನಿಂದ ಆ ಹೂವನ್ನು ಕರೆಯುತ್ತಿದ್ದವರು ಇದ್ದರು ಎಂಬುದನ್ನು ಯಾವ ಕೈಪಿಡಿಯೂ ಬಿಡಬಾರದು.

ಇನ್ನೊಂದು ಮಾತನ್ನೂ ಇಲ್ಲಿ ಪರಿಶೀಲಿಸಬೇಕು. ಈ ಲಿಲ್ಲಿ ಶಿರುಯಿ ಬೆಟ್ಟವನ್ನು ಬಿಟ್ಟು ಲೋಕದಲ್ಲಿ ಎಲ್ಲಿಯೂ ಬೆಳೆಯದು, ಎಲ್ಲಿಗೆ ಒಯ್ದು ನೆಟ್ಟರೂ ಬದುಕದು ಎಂಬ ಹೇಳಿಕೆ ಹಬ್ಬದ ಭಾಷಣಗಳಲ್ಲಿ, ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ವಸ್ತುಸ್ಥಿತಿ ಹಾಗಿಲ್ಲ: ನಾಗಾ ಬೆಟ್ಟಸಾಲಿನ ಬೇರೆ ಕೆಲವು ಎತ್ತರದ ತಾಣಗಳಿಂದಲೂ ಇದೇ ಜಾತಿ ವರದಿಯಾಗಿದೆ; ಬೇಸಗೆ ತಂಪಾಗಿಯೂ ಗಾಳಿ ತೇವವಾಗಿಯೂ ಇರುವ ಸ್ಕಾಟ್ಲೆಂಡಿನ ತೋಟಗಳಲ್ಲಿ ಅದು ದಶಕಗಳಿಂದ ಬೆಳೆಯುತ್ತ ಬಂದಿದೆ. ಆದರೂ ಸ್ಥಳೀಯರ ಮಾತನ್ನು ಬರಿಯ ದಂತಕಥೆ ಎಂದು ತಳ್ಳಿಹಾಕಲು ಬರುವುದಿಲ್ಲ, ಏಕೆಂದರೆ ಅವರ ಅನುಭವದ ವ್ಯಾಪ್ತಿಯಲ್ಲಿ ಅದು ನಿಜವೇ. ಶಿರುಯಿಯ ಗಡ್ಡೆಯನ್ನು ಕಿತ್ತು ಸಮುದ್ರಮಟ್ಟದಿಂದ 800 ಮೀಟರಿಗೂ ಕಡಿಮೆ ಎತ್ತರದ ಇಂಫಾಲ ಕಣಿವೆಯ ಅಂಗಳದಲ್ಲಿ ನೆಟ್ಟವರ ಪಾಲಿಗೆ ಉಳಿದದ್ದು ಕೊಳೆತ ಗಡ್ಡೆಯೇ. ಬೆಟ್ಟದ ಚಳಿ, ಬಸಿಯುವ ಮಣ್ಣು, ಬೇಸಗೆಯ ಮಂಜು ಮೂರೂ ಅಲ್ಲಿಲ್ಲ. ಹೂವಿಗೆ ಬೇಕಾದ್ದು ಶಿರುಯಿ ಎಂಬ ಹೆಸರಲ್ಲ, ಶಿರುಯಿಯಂಥ ಹವೆ. ಹಾಗೆ ಬೇಕಾದ ಹವೆ ಆ ಸೀಮೆಯಲ್ಲಿ ಬೆರಳೆಣಿಕೆಯ ಶಿಖರಗಳ ನೆತ್ತಿಯಲ್ಲಿ ಮಾತ್ರ ಉಳಿದಿದೆ.

ಸ್ಕಾಟ್ಲೆಂಡಿನ ತೋಟಗಳಲ್ಲಿ ಬೆಳೆದಿದೆಯೆಂದು ಈ ಲಿಲ್ಲಿ ಸುರಕ್ಷಿತವಾಗಿದೆ ಎಂದೂ ಭಾವಿಸಬಾರದು. ಕೆಲವೇ ಬೀಜಗಳ ಸಂತಾನವಾದ ತೋಟದ ಗಿಡಗಳಲ್ಲಿ ಕಾಡಿನ ಸಮೂಹದ ಆನುವಂಶಿಕ ವೈವಿಧ್ಯದ ಒಂದಂಶ ಮಾತ್ರ ಇರುತ್ತದೆ. ಅದಕ್ಕಿಂತ ಮಿಗಿಲಾಗಿ, ಆ ತೋಟಗಳಲ್ಲಿ ಅದು ಸುಂದರವಾದ ಒಂದು ಗಿಡ, ಅಷ್ಟೆ; ತಿಮ್ರಾವೊನ್ ಆಗಿ ಅದು ಬಾಳುವುದು ಬೆಟ್ಟದ ಮೇಲೆ. ಆದರೆ ಅಲ್ಲಿ ಅದರ ಸ್ಥಿತಿ ನೆಮ್ಮದಿಯದಲ್ಲ. ಸಸ್ಯವಿಜ್ಞಾನಿಗಳೂ ಹಳ್ಳಿಯವರೂ ಒಂದೇ ದನಿಯಲ್ಲಿ ದೂರುವ ಮೊದಲ ಶತ್ರು ಶಿಖರದ ಹುಲ್ಲುಗಾವಲಿಗೆ ನುಗ್ಗುತ್ತಿರುವ ಕುಳ್ಳ ಬಿದಿರು. ನೆಲದೊಳಗೆ ಹರಿದಾಡುವ ಗುಪ್ತಕಾಂಡಗಳಿಂದ ಹಬ್ಬುವ ಈ ಬಿದಿರು ಮಣ್ಣಿನ ಮೇಲ್ಪದರದಲ್ಲಿ ದಟ್ಟವಾದ ಬಲೆ ಹೆಣೆದು ಗಡ್ಡೆಗೆ ಜಾಗವಿಲ್ಲದಂತೆ ಮಾಡುತ್ತದೆ. ಮೇಲೆ ಅದರ ಎಲೆಗಳ ನೆರಳು ಲಿಲ್ಲಿಯ ಎಳೆಯ ಸಸಿಗಳಿಗೆ ಬೆಳಕನ್ನು ನಿರಾಕರಿಸುತ್ತದೆ. ವಯಸ್ಸಾದ ಗಡ್ಡೆಗಳು ಕೆಲಕಾಲ ತಾಳಿಕೊಂಡರೂ ಬೀಜದಿಂದ ಹೊಸ ಗಿಡ ಏಳದಿದ್ದರೆ ಒಂದು ಸಮೂಹ ಮುದಿಯಾಗಿ ಸದ್ದಿಲ್ಲದೆ ಅಳಿಯುತ್ತದೆ. ದಕ್ಷಿಣದವರಿಗೆ ಇದು ಹೊಸ ಕಥೆಯಲ್ಲ: ನೀಲಗಿರಿಯ ಹುಲ್ಲುಗಾವಲುಗಳನ್ನು ಆಸ್ಟ್ರೇಲಿಯಾದಿಂದ ತಂದ ವ್ಯಾಟಲ್ ಮರಗಳು ನುಂಗಿದ್ದು, ನೀಲಗಿರಿ ಲಿಲ್ಲಿಯ ನೆಲೆ ಕುಗ್ಗಿದ್ದು ಇದೇ ರೀತಿಯಲ್ಲಿ.

ಎರಡನೆಯ ಅಪಾಯ ಮನುಷ್ಯರದು. ಹೂವಿನ ಕಾಲ ಕೆಲವೇ ವಾರ, ಜಾಗ ಒಂದು ಶಿಖರದ ನೆತ್ತಿ. ಹಾಗಾಗಿ ಬರುವ ಜನರೆಲ್ಲ ಅದೇ ಹೊತ್ತಿಗೆ, ಅದೇ ಇಳಿಜಾರಿಗೆ ಬರುತ್ತಾರೆ. ಕಾಲುದಾರಿ ಬಿಟ್ಟು ಹುಲ್ಲಿನ ಮೇಲೆ ನಡೆದಾಗ ಮಳೆಗೆ ಮೆತ್ತಗಾದ ಮಣ್ಣು ಗಟ್ಟಿಯಾಗಿ ಮೊಳಕೆಗಳು ತುಳಿತಕ್ಕೆ ಸಿಗುತ್ತವೆ, ಹೂ ಕಿತ್ತರೆ ಆ ವರ್ಷದ ಬೀಜ ಇಲ್ಲವಾಗುತ್ತದೆ, ಗಡ್ಡೆ ಕಿತ್ತರೆ ಗಿಡವೇ ಇಲ್ಲವಾಗುತ್ತದೆ. 2022ರಲ್ಲಿ ಚಂದ್ರದ್ರೋಣ ಪರ್ವತಸಾಲಿನಲ್ಲಿ ಕುರಿಂಜಿ ಅರಳಿದಾಗ ಚಿಕ್ಕಮಗಳೂರಿನ ಬೆಟ್ಟದ ರಸ್ತೆಗಳು ವಾಹನಗಳಿಂದ ಕಿಕ್ಕಿರಿದದ್ದನ್ನು ಬಲ್ಲ ಕನ್ನಡಿಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ರಕ್ಷಣೆಗೆ ಸರ್ಕಾರ ಹಿಡಿದ ದಾರಿ ರಾಷ್ಟ್ರೀಯ ಉದ್ಯಾನದ್ದು. ಶಿರುಯಿ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು 1982ರಲ್ಲಿಯೇ ಘೋಷಿಸಲಾಯಿತು. ಲಿಲ್ಲಿಯಷ್ಟೇ ಅಲ್ಲದೆ ಬ್ಲೈತ್ ಟ್ರಾಗೊಪಾನ್ ಎಂಬ ಕೆಂಪು ಕೊರಳಿನ ಅಪರೂಪದ ಕಾಡುಕೋಳಿಯೂ ಅಲ್ಲಿದೆ. ಆದರೆ ಮಣಿಪುರದ ಗುಡ್ಡಗಾಡಿನ ಭೂಮಿ ಬಯಲುಸೀಮೆಯ ಅರಣ್ಯದಂತೆ ಸರ್ಕಾರದ್ದಲ್ಲ. ರಾಜ್ಯದ 1960ರ ಭೂಕಂದಾಯ ಮತ್ತು ಭೂಸುಧಾರಣಾ ಕಾಯ್ದೆಯನ್ನು ಗುಡ್ಡಗಾಡಿನ ಬಹುಭಾಗಕ್ಕೆ ಅನ್ವಯಿಸಿಲ್ಲ. ಸಂವಿಧಾನದ 371ಸಿ ವಿಧಿ ಆ ಪ್ರದೇಶದ ಶಾಸಕರದೇ ಒಂದು ಸಮಿತಿಗೆ ಅವಕಾಶ ಮಾಡಿದೆ. ರೂಢಿಯ ಪ್ರಕಾರ ಕಾಡು ಮತ್ತು ಹುಲ್ಲುಗಾವಲುಗಳು ಊರಿಗೆ, ಕುಲಕ್ಕೆ, ಮನೆತನಕ್ಕೆ ಸೇರಿದವು. ಅಂಥ ನೆಲದ ಮೇಲೆ ಉದ್ಯಾನದ ಗೆರೆ ಎಳೆದರೆ ಸೌದೆ, ಸೊಪ್ಪು, ಬೇಸಾಯದ ಹಕ್ಕು ಏನಾಗುತ್ತದೆ ಎಂಬ ಹಳ್ಳಿಗರ ಪ್ರಶ್ನೆಯನ್ನು ಸಂರಕ್ಷಣೆಗೆ ಎದುರಾದ ಅಡ್ಡಿ ಎಂದು ನೋಡುವುದು ದೊಡ್ಡ ತಪ್ಪು. ಶಿರುಯಿ ಹಳ್ಳಿಯವರು ಹೂ ಕೀಳುವುದನ್ನು ನಿಷೇಧಿಸಿದ್ದಾರೆ, ಹೂವಿನ ಕಾಲದಲ್ಲಿ ಅವರ ಯುವಕರು ಬೆಟ್ಟವನ್ನು ಕಾಯುತ್ತಾರೆ, ಪ್ರವಾಸಿಗರು ಬಿಟ್ಟುಹೋದ ಪ್ಲಾಸ್ಟಿಕ್ಕನ್ನು ಹೊತ್ತು ಕೆಳಗಿಳಿಸುತ್ತಾರೆ. ಫಿಲಾವಾಳ ಕಥೆ ಮಾಡುತ್ತಿದ್ದ ಕಾವಲಿನ ಕೆಲಸವನ್ನೇ ಈಗ ಗ್ರಾಮಸಭೆಯ ನಿಯಮಗಳು ಮಾಡುತ್ತಿವೆ. ಬಿದಿರನ್ನು ಎಲ್ಲಿ, ಯಾವ ಕಾಲದಲ್ಲಿ, ಎಷ್ಟು ಕಡಿಯಬೇಕು, ದಿನಕ್ಕೆ ಎಷ್ಟು ಜನರನ್ನು ಮೇಲೆ ಬಿಡಬೇಕು ಎಂಬುದರ ಅಧಿಕಾರವನ್ನು ಹಣಕಾಸಿನ ನೆರವಿನೊಂದಿಗೆ ಈ ಹಳ್ಳಿಗೇ ಬರವಣಿಗೆಯಲ್ಲಿ ಒಪ್ಪಿಸದ ಹೊರತು ಉದ್ಯಾನವೆಂಬುದು ಕಾಗದದ ಮೇಲಿನ ಹಸಿರು ಬಣ್ಣವಾಗಿಯೇ ಉಳಿಯುತ್ತದೆ.

2017ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಶಿರುಯಿ ಲಿಲ್ಲಿ ಉತ್ಸವ ಈ ಹೂವಿಗೆ ಮತ್ತೊಂದು ಪಾತ್ರವನ್ನು ಕೊಟ್ಟಿತು. ತಾಂಗ್‌ಖುಲ್ಲರ ಹಾಡು ಕುಣಿತಗಳು, ಕೆಂಪು ಕಪ್ಪು ಪಟ್ಟೆಗಳ ಕೈಮಗ್ಗದ ಶಾಲುಗಳು, ಚಕ್ರವಿಲ್ಲದೆ ಕೈಯಿಂದಲೇ ರೂಪಿಸುವ ಲೊಂಗ್‌ಪಿ ಎಂಬ ಊರಿನ ಕರಿಮಡಕೆಗಳು ಅಲ್ಲಿ ಹೊರನಾಡಿನ ಕಣ್ಣಿಗೆ ಬಿದ್ದವು. ಕಣಿವೆಯ ಮೈತೇಯಿಗಳೂ ಬೆಟ್ಟದ ನಾಗಾಗಳೂ ಒಂದೇ ಮೈದಾನದಲ್ಲಿ ಸೇರುವಂತಾಯಿತು. 2023ರ ಮೇ ತಿಂಗಳಲ್ಲಿ ಮಣಿಪುರದಲ್ಲಿ ಭುಗಿಲೆದ್ದ ಜನಾಂಗೀಯ ಹಿಂಸಾಚಾರ ಆ ವರ್ಷದ ಮತ್ತು ಮರುವರ್ಷದ ಉತ್ಸವವನ್ನು ನಿಲ್ಲಿಸಿತು. 2025ರ ಮೇ ತಿಂಗಳಲ್ಲಿ ಅದು ಮತ್ತೆ ನಡೆದಾಗ, ಇಂಫಾಲ ಕಣಿವೆಯ ಜನ ಭದ್ರತಾ ಪಡೆಗಳ ಬೆಂಗಾವಲಿನಲ್ಲಿ ಉಖ್ರುಲ್ ದಾರಿ ಹಿಡಿದರು. ನೆರೆಹೊರೆಯವರು ಒಬ್ಬರನ್ನೊಬ್ಬರು ನೋಡಲೂ ಹೆದರುವ ಕಾಲದಲ್ಲಿ ಒಂದು ಹೂವಿನ ನೆಪದಲ್ಲಿ ಅಷ್ಟು ಜನ ರಸ್ತೆಗಿಳಿದರೆಂಬುದು ಅದರ ಸಾಂಸ್ಕೃತಿಕ ಮಹತ್ವಕ್ಕೆ ಯಾವ ಪುರಾಣಕ್ಕಿಂತಲೂ ಗಟ್ಟಿಯಾದ ಸಾಕ್ಷಿ. ಉತ್ಸವದ ಮೈದಾನವನ್ನು ಪಟ್ಟಣದಲ್ಲೂ ಹಳ್ಳಿಯಲ್ಲೂ ಎಷ್ಟು ದೊಡ್ಡದಾಗಿಯಾದರೂ ಮಾಡಲಿ. ಶಿಖರದ ಮೇಲೆ ಮಾತ್ರ ಜನಸಂಖ್ಯೆಗೆ ಮಿತಿ ಇರಲೇಬೇಕು.

ಈ ನಡುವೆ ಇಂಫಾಲದ ಸಂಶೋಧಕರು ಅಂಗಾಂಶ ಕೃಷಿಯ ಮೂಲಕ, ಅಂದರೆ ಗಡ್ಡೆಯ ಶಲ್ಕದ ಚೂರುಗಳನ್ನು ಗಾಜಿನ ಪಾತ್ರೆಯ ಪೋಷಕಾಂಶದಲ್ಲಿ ಬೆಳೆಸಿ, ಲಿಲ್ಲಿಯ ಸಸಿಗಳನ್ನು ತಯಾರಿಸಿದ್ದಾರೆ. ಲಿಲ್ಲಿಯ ಒಂದೊಂದು ಶಲ್ಕವೂ ಹೊಸ ಗಡ್ಡೆಯಾಗಬಲ್ಲದಾದ್ದರಿಂದ ಇದು ಸಾಧ್ಯವಾಗಿದೆ. ಹೂವಿನ ಆಸೆಯಿಂದ ಬೆಟ್ಟದ ಗಡ್ಡೆ ಕೀಳುವವರಿಗೆ ಇಂಥ ಸಸಿಗಳನ್ನು ಕೊಡುವುದು ಒಂದು ಒಳ್ಳೆಯ ಉಪಾಯ. ಆದರೆ ಬಿದಿರು ತುಂಬಿದ ಇಳಿಜಾರಿಗೆ ಸಸಿಗಳನ್ನು ಮರಳಿಸಿ ಪ್ರಯೋಜನವಿಲ್ಲ, ಮೊದಲು ನೆಲ ತೆರವಾಗಬೇಕು.

ಮಣಿಪುರಕ್ಕೆ ಹೋಗುವ ಹೊರರಾಜ್ಯದವರಿಗೆ 2020ರ ಜನವರಿಯಿಂದ ಇನ್ನರ್ ಲೈನ್ ಪರವಾನಗಿ ಕಡ್ಡಾಯವಾಗಿದೆ. ಕರ್ನಾಟಕದಿಂದ ಹೊರಡುವವರು ಅದನ್ನು ಮುಂಚೆಯೇ ಪಡೆದುಕೊಂಡು, ರಸ್ತೆಯ ಮತ್ತು ಭದ್ರತೆಯ ಸ್ಥಿತಿಯನ್ನು ವಿಚಾರಿಸಿಯೇ ಪ್ರಯಾಣ ಬೆಳೆಸಬೇಕು. ಶಿರುಯಿ ತಲುಪಿದ ಮೇಲೆ ಹಳ್ಳಿಯ ಮಾರ್ಗದರ್ಶಕರನ್ನು ಜೊತೆಗೆ ಕರೆದುಕೊಳ್ಳಲಿ, ಅವರು ತೋರಿದ ಕಾಲುದಾರಿಯನ್ನು ಬಿಡದಿರಲಿ, ಲಿಲ್ಲಿಯ ಗಡ್ಡೆ ಮಾರಲು ಯಾರಾದರೂ ಮುಂದೆ ಬಂದರೆ ಕೊಳ್ಳದೆ ಬರಲಿ.